ಡ್ರಮ್ ಮಾತ್ರ ಭಾಳ ಛಲೋ ಐತಿ

ಮಗಳ ಸಿಟ್ಟು ಇಳಿಸುವುದೇನು ಮಹಾ ಕೆಲಸ! ಬನಹಟ್ಟಿಯಿಂದ ಜಮಖಂಡಿಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ, ಕಚೇರಿಯಲ್ಲಿ ಎಂಥೆಂಥ ಸಾಹೇಬರ ಸಿಟ್ಟನ್ನು ಇಳಿಸಿ ಬಂದ ಗುಮಾಸ್ತ ನಾನು. ಹದಿನಾರರ ಹುಡುಗಿ ಯಾವ ಲೆಕ್ಕ? ಹೀಗಂದುಕೊಂಡೇ ನಾನು ಹಾಳಾದದ್ದು.

ಸಿಟ್ಟಿಗೆ ಕಾರಣ ಇಷ್ಟೇ. ಮಗಳು ಸುಧಾ ಎಸ್ಸೆಸ್ಸೆಲ್ಸಿ ಪಾಸಾದಳು. ಅವಳಿಗೆ ಆರ್ಟ್ಸ್ ಬೇಕಿತ್ತು. ನಾನು ಅವಳನ್ನು ಒಂದು ಮಾತೂ ವಿಚಾರಿಸದೆ ಕಾಲೇಜಿನ ಅರ್ಜಿಯಲ್ಲಿ ಸೈನ್ಸ್ ಎಂದು ಬರೆದು, ದುಂಡಗೆ ಸಹಿ ಹಾಕಿ ಕೊಟ್ಟು ಬಂದೆ. ಅವತ್ತಿನಿಂದ ನನ್ನ ಜೊತೆ ಮಾತು ಬಂದ್! ಇಪ್ಪತ್ತು ದಿನವಾಯಿತು. ನಾನು ಎದುರಿಗೇ ಕೂತಿದ್ದರೂ, "ಅವ್ವಾ, ಫ್ಯಾನ್ ಸಣ್ಣ ಮಾಡಂತ ಹೇಳು ಅವರಿಗೆ" ಎನ್ನುತ್ತಿದ್ದಳು. ಅಪ್ಪ ಹೋಗಿ 'ಅವರು' ಆಗಿದ್ದೆ. ಊಟವೇ ಸೇರುತ್ತಿರಲಿಲ್ಲ.

ಕೊನೆಗೆ ಹೆಂಡತಿ ಕಸ್ತೂರಿ ಒಂದು ಸಿಡಿ ತಂದು ನನ್ನ ಕೈಗಿಟ್ಟಳು.

"ಅಕಿ ದಿನಾ ಕಿವ್ಯಾಗ ವಯರ್ ಹಾಕ್ಕೊಂಡು ಕೇಳ್ತಾಳಲ್ರಿ, ಅದ ಇದು. ಯಾವುದೋ ರಾಕ್ ಬ್ಯಾಂಡ್ ಅಂತ. ಹೊಸಾ ಆಲ್ಬಮ್ಮಂತ. ಇಂಗ್ಲಿಷ್ ಪೇಪರ್‌ನವ್ರೆಲ್ಲಾ ಹೊಗಳ್ಯಾರಂತ. ನೀವೂ ಒಮ್ಮಿ ಕೇಳಿ, ಹೆಂಗೈತಿ ಅಂತ ಬರದು ಕೊಡ್ರಿ. ಹಂಗರ ಮಾತಾಡ್ತಾಳೇನು ನೋಡೂಣು."

ಬ್ಯಾಂಡಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅದನ್ನು ತಪ್ಪು ಬರೆದರೆ ಇನ್ನೊಂದು ಇಪ್ಪತ್ತು ದಿನ ಹೋದಾವು.

ರವಿವಾರ ಟೀವಿಯ ಕೆಳಗಿನ ಸಿಡಿ ಪ್ಲೇಯರಿಗೆ ಹಾಕಿ, ಪೆನ್ನು ಹಿಡಿದು ಕೂತೆ. ಜೀವಮಾನದಲ್ಲಿ ಮದುವೆ ಬ್ಯಾಂಡ್ ಬಿಟ್ಟು ಬೇರೆ ಬ್ಯಾಂಡ್ ಕೇಳಿದವನಲ್ಲ. ಆದರೂ ಒಂಬತ್ತು ಹಾಡನ್ನೂ ಎದ್ದೇಳದೆ ಕೇಳಿದೆ. ಅಭಿಪ್ರಾಯವನ್ನು ನನಗೆ ಗೊತ್ತಿರುವ ಒಂದೇ ಭಾಷೆಯಲ್ಲಿ ಬರೆದೆ.

"ಒಂದನೇ ಹಾಡು: ಪರಿಶೀಲಿಸಲಾಯಿತು. ಗಾಯಕರು ಏನನ್ನೋ ಕಳೆದುಕೊಂಡಂತೆ ಕಂಡುಬರುತ್ತದೆ. ಎರಡನೇ ಹಾಡು: ಕಳೆದದ್ದು ಇನ್ನೂ ಸಿಕ್ಕಿರುವುದಿಲ್ಲ. ಮೂರರಿಂದ ಒಂಬತ್ತು: ಯಥಾಸ್ಥಿತಿ. ಆದರೆ ಡ್ರಮ್ ಮಾತ್ರ ಭಾಳ ಛಲೋ ಐತಿ. ಸದರಿ ಡ್ರಮ್ ಬಾರಿಸುವವರು ಒಂದು ಕ್ಷಣವೂ ಕೈ ನಿಲ್ಲಿಸದೆ, ಹಾಡು ಮುಗಿದ ಮೇಲೂ, ಮುಂದಿನ ಹಾಡು ಆರಂಭವಾಗುವವರೆಗೆ ಬಾರಿಸಿರುತ್ತಾರೆ. ಇಂಥ ಪ್ರಾಮಾಣಿಕ ನೌಕರರು ಈಗ ಅಪರೂಪ."

ಸುಧಾ ಓದಿದಳು. ಮುಖ ಕೆಂಪಗಾಯಿತು. ಒಳಗೆ ಹೋಗಿ ದಡಾರನೆ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಕಸ್ತೂರಿ ಓಡಿ ಬಂದಳು.

"ಏನ್ ಬರದೀರಿ ಅದರಾಗ? ಹುಡುಗಿ ಅಳಾಕತ್ತೈತಿ! ಅವರ ಡ್ರಮ್ ಬಾರಿಸಾಂವ ಹ್ವಾದ ವರ್ಷ ತೀರಕೊಂಡಾನಂತ. ಅವನ ನೆನಪಿಗೆ ಉಳದವ್ರು ಈ ಸಲ ಡ್ರಮ್ ಇಲ್ದನ ಹಾಡ್ಯಾರಂತ. ಇದರಾಗ ಡ್ರಮ್ಮ ಇಲ್ಲಂತ್ರಿ!"

ಹಾಗಾದರೆ ನಾನು ಕೇಳಿದ್ದೇನು? ಗೋಡೆಯ ಕಡೆ ನೋಡಿದೆ. ಖಡಾಖಡ, ಖಡಾಖಡ! ಗೋಡೆಯಾಚೆ ಈರಪ್ಪನ ನಾಲ್ಕು ಪವರ್‌ಲೂಮ್. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದವನು ನಾನು; ಅದು ಇದೆಯೆಂಬುದೇ ಮರೆತುಹೋಗಿತ್ತು. ಅವತ್ತೊಂದು ದಿನ ಕಿವಿ ತೆರೆದು ಕೂತದ್ದೇ ತಪ್ಪಾಯಿತು. ಸತ್ತ ಮನುಷ್ಯನ ಕೆಲಸವನ್ನು ಹೊಗಳಿ ವರದಿ ಕೊಟ್ಟಿದ್ದೆ!

ಕರೆಂಟ್ ಹೋದಾಗ ಮಗ್ಗ ನಿಲ್ಲುತ್ತವೆ, ಆಗ ಕೇಳಿ ತಿದ್ದಿ ಬರೆಯೋಣವೆಂದು ಕಾದೆ. ಕರೆಂಟ್ ಹೋಯಿತು. ಮಗ್ಗ ನಿಂತವು. ಸಿಡಿ ಪ್ಲೇಯರೂ ನಿಂತಿತು. ಇದು ನನಗೆ ಮೊದಲೇ ಹೊಳೆಯಲಿಲ್ಲವೆಂದು ದಯವಿಟ್ಟು ನಮ್ಮ ಸಾಹೇಬರಿಗೆ ಹೇಳಬೇಡಿ.

ಕೊನೆಗೆ ಈರಪ್ಪನ ಬಾಗಿಲಿಗೇ ಹೋದೆ. "ಈರಪ್ಪಾ, ನಾಳೆ ಸಂಜಿಮುಂದ ಒಂದ್ ತಾಸ್ ಮಗ್ಗ ನಿಲ್ಲಸ್ತಿಯೇನು?"

ಅವನು ಗಾಬರಿಯಾದ. "ಯಾಕ್ರಿ ಸಾಹೇಬ್ರ? ಮನ್ಯಾಗ ಎಲ್ಲಾರೂ ಅರಾಮ ಅದಾರಲ್ರಿ?"

"ಅರಾಮ ಅದಾರ. ಒಂದ್ ಹಾಡ ಕೇಳೂದೈತಿ."

ಈರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನೇ ಅರಾಮ ಇಲ್ಲವೆಂದು ತೀರ್ಮಾನಿಸಿರಬೇಕು, ಮರುಮಾತಿಲ್ಲದೆ ಒಪ್ಪಿಕೊಂಡ.

ಮರುದಿನ ಹೇಳಿದ ಹೊತ್ತಿಗೆ ಅವನ ಮಗ್ಗ ನಿಂತವು. ನಾನು ಕಣ್ಣು ಮುಚ್ಚಿ ಹಾಡು ಹಚ್ಚಿದೆ. ಈಗ ಕೇಳಿಸಿತು! ಡ್ರಮ್ ಇರಬೇಕಾದ ಕಡೆ ಏನೂ ಇರಲಿಲ್ಲ. ಹಾಡುವವನು ಆ ಜಾಗ ಬಂದಾಗಲೆಲ್ಲ ತಡೆದು ನಿಲ್ಲುತ್ತಿದ್ದ, ಆಮೇಲೆ ಒಬ್ಬನೇ ಮುಂದೆ ಹೋಗುತ್ತಿದ್ದ. ನನಗೆ ಇಪ್ಪತ್ತು ದಿನದಿಂದ ಮಾತಿಲ್ಲದ ನಮ್ಮ ಊಟದ ಹೊತ್ತು ನೆನಪಾಯಿತು. ಖರೆ ಹೇಳುತ್ತೇನೆ, ಅತ್ತುಬಿಟ್ಟೆ.

ಆದರೆ ಒಂದು ಸಂಗತಿ ಮರೆತಿದ್ದೆ. ಕರೆಂಟ್ ಇರುವಾಗ ಒಂದು ಮನೆಯ ಮಗ್ಗ ನಿಂತರೆ ನಮ್ಮ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ: ಯಾರೋ ತೀರಿಕೊಂಡರು! ಈರಪ್ಪನದು ನಿಂತದ್ದು ನೋಡಿ ಪಕ್ಕದವರು ನಿಲ್ಲಿಸಿದರು, ಅವರನ್ನು ನೋಡಿ ಎದುರಿನವರು. ಈರಪ್ಪನ ಮನೆಗೆಂದು ಓಡಿ ಬಂದವರಿಗೆ ಅಳು ಕೇಳಿಸಿದ್ದು ನಮ್ಮ ಮನೆಯಿಂದ. ನಾನು ಕಣ್ಣು ತೆರೆದಾಗ ನಮ್ಮ ಬಾಗಿಲ ತುಂಬ ಬಾಯಿಗೆ ಸೆರಗು ಹಿಡಿದ ಹೆಂಗಸರು. ನಾನೋ, ಕಣ್ಣೀರು ಸುರಿಸುತ್ತ ಕೂತಿದ್ದೇನೆ!

"ಅಯ್ಯ ನನ್ನ ಮಗನ, ಯಾರು ಹ್ವಾದ್ರೋ!" ಎನ್ನುತ್ತ ಎದುರು ಮನೆಯ ನೀಲವ್ವ ಕುಸಿದು ಕೂತಳು. ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದ ಕಸ್ತೂರಿ, ನನ್ನನ್ನು ನೋಡಿ, ನೀಲವ್ವನನ್ನು ನೋಡಿ, ತಾನೂ ಶುರು ಮಾಡಿದಳು. ಸತ್ತವರು ಯಾರೆಂದು ಒಬ್ಬರಿಗೂ ಗೊತ್ತಿಲ್ಲ. ಅಳು ಮಾತ್ರ ರಂಗೇರಿತು!

ಅಷ್ಟರಲ್ಲಿ ಗೆಳತಿಯ ಮನೆಯಿಂದ ಸುಧಾ ಬಂದಳು. ಬಾಗಿಲಲ್ಲಿ ಚಪ್ಪಲಿಯ ರಾಶಿ, ಒಳಗೆ ಅಳು.

"ಅಪ್ಪಾ!"

ಕಿರುಚಿಕೊಂಡು, ಎಲ್ಲರನ್ನೂ ತಳ್ಳಿಕೊಂಡು ಓಡಿ ಬಂದಳು. ಇಪ್ಪತ್ತು ದಿನದಿಂದ ಕಾದ ಮಾತು! ನನಗೆ ತಡೆಯಲಾಗಲಿಲ್ಲ.

"ನಾ ಇಲ್ಲೇ ಅದೀನವಾ" ಎಂದು ನಕ್ಕೆ. ಇನ್ನೆರಡು ನಿಮಿಷ ಸತ್ತೇ ಇರಬೇಕಿತ್ತು.

ಅದೇ ಹೊತ್ತಿಗೆ ಈರಪ್ಪ ಬಾಗಿಲಲ್ಲಿ ನಿಂತು ಕೂಗಿದ: "ಯಾರೂ ಸತ್ತಿಲ್ರಬೇ! ಸಾಹೇಬ್ರು ಹಾಡ ಕೇಳಾಕ ನಿಲ್ಲಸಂದ್ರು, ನಾ ನಿಲ್ಲಸಿದೆ!"

ನೀಲವ್ವ ಮೂಗು ಒರೆಸಿಕೊಂಡು ನನ್ನನ್ನು ನೋಡಿದ ರೀತಿಗೆ, ನಿಜವಾಗಿಯೂ ಸತ್ತಿದ್ದರೆ ಚೆನ್ನಾಗಿರುತ್ತಿತ್ತು ಅನಿಸಿತು. ಸುಧಾ ನನ್ನನ್ನು ನೋಡಿದಳು, ಇನ್ನೂ ಹಾಡುತ್ತಿದ್ದ ಸಿಡಿಯನ್ನು ನೋಡಿದಳು. ಕಣ್ಣು ಒರೆಸಿಕೊಂಡಳು. ತಾಯಿಯ ಕಡೆ ತಿರುಗಿದಳು.

"ಅವ್ವಾ, ಒಂದ್ ಹಾಡಿನ ಸಲುವಾಗಿ ಓಣ್ಯಾಗಿನ ಮಗ್ಗ ಎಲ್ಲಾ ನಿಲ್ಲಿಸ್ಯಾರ. ನನ್ನ ಅರ್ಜಿ ಬರಿಯೂ ಮುಂದ ಒಂದ್ ಮಿಂಟ್ ಪೆನ್ ನಿಲ್ಲಸಾಕ ಆಗ್ಲಿಲ್ಲೇನಂತ ಕೇಳು ಅವರಿಗೆ."

ಕಸ್ತೂರಿ ನನಗೆ ತಿಳಿಸುವ ಅಗತ್ಯ ಬೀಳಲಿಲ್ಲ. ಮಗ್ಗ ನಿಂತಿದ್ದವಲ್ಲ, ಓಣಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು!