ಕಾಂಡ್ಲಾ ಕಂಡರೆ ಹಸಿರು

ಕಡಲತಡಿಯ ಬೀದಿಗೆ ಬಣ್ಣ ಹಂಚುವ ಕೆಲಸ ಸರ್ವೆಯವನ ತಲೆಗೆ ಕಟ್ಟಿದ್ದು ಅವನ ಸಾಹೇಬರು. ಮನೆಯೆದುರು ಅಲೆಯ ಹೊಡೆತ ತಡೆಯುವ ಕಾಂಡ್ಲಾ ಗಿಡಗಳಿದ್ದರೆ ನಕ್ಷೆಯಲ್ಲಿ ಹಸಿರು, ಬರೀ ಮರಳಿದ್ದರೆ ಕೆಂಪು. ಕೆಂಪು ಬಿದ್ದವರು ಬಿರುಗಾಳಿಯ ಮೂರು ತಿಂಗಳು ಮನೆಗೆ ಬೀಗ ಜಡಿದು ನೆಂಟರ ಮನೆ ಸೇರಬೇಕು.

ಸರ್ವೆಯವನದು ಅದೇ ಬೀದಿಯ ಕೊನೆಯ ಮನೆ. ನೆಂಟರೆಂದು ಇದ್ದವರು ಅತ್ತೆ ಒಬ್ಬರೇ. ಹಿಂದೊಮ್ಮೆ ಮೂರೇ ದಿನಕ್ಕೆ ಅಳಿಯನ ಕೈಲಿ ಟ್ಯಾಂಕು ತೊಳೆಸಿ, ಗೋಡೆಗೆ ಸುಣ್ಣ ಹೊಡೆಸಿದ್ದರು. ಸದ್ಯ, ಅವನ ಮನೆಯೆದುರು ಆಳೆತ್ತರದ ಕಾಂಡ್ಲಾ ಇತ್ತು.

ಮೊದಲ ಮನೆ ಮೇಷ್ಟರದು. ಎದುರಿಗೆ ಬೋಳು ಮರಳು.

"ಕೆಂಪು ಹಾಕಿ ನನ್ನ ಸೊಸೆ ಮನೆಗೆ ಅಟ್ತೀಯೇನಪ್ಪಾ?"

"ಗಿಡ ಇಲ್ವಲ್ಲ ಮೇಷ್ಟ್ರೇ."

"ಇದ್ರೆ?"

"ಇದ್ರೆ ಹಸಿರು."

ಈ ಮಾತು ಅವನಿಗಿಂತ ಮುಂದೆ ಓಡಿತು. ಎರಡನೇ ಮನೆಯ ದರ್ಜಿಯಮ್ಮ ಅವನನ್ನು ಒಳಗೆ ಕೂರಿಸಿ, ಕೇಳದಿದ್ದರೂ ಅಂಗಿಗೆ ಅಳತೆ ತೆಗೆದಳು. ಅವನು ಹೊರಬರುವಷ್ಟರಲ್ಲಿ ಮರಳಿನಲ್ಲಿ ಏಳೆಂಟು ಕೊಂಬೆಗಳು ನಿಂತಿದ್ದವು, ಬೋಳುತಲೆಗೆ ಕೂದಲು ನೆಡಿಸಿಕೊಂಡ ಹಾಗೆ.

ಅವನು ಸಾಹೇಬರಿಗೆ ಫೋನು ಮಾಡಿದ. "ಸಾರ್, ಬೇರಿಲ್ಲದ ಗಿಡ ನೆಡ್ತಿದಾರೆ."

"ಫಾರಂನಲ್ಲಿ ಬೇರಿನ ಕಾಲಂ ಇದೆಯೇನ್ರೀ?"

"ಇಲ್ಲ ಸಾರ್."

"ಮತ್ತೆ? ಕಂಡದ್ದು ಬರೀರಿ, ಫೋಟೊ ಹಾಕಿ, ಐದು ಗಂಟೆಯೊಳಗೆ ಕಳಿಸಿ."

ಆಮೇಲೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಮನೆ ಮನೆಗೂ ಹಸಿರು ಬಿತ್ತು. ಮೇಷ್ಟರು ಕೈಹಿಡಿದು ವಾಪಸ್ ಎಳೆದೊಯ್ದು ತಮ್ಮದನ್ನೂ ತಿದ್ದಿಸಿಕೊಂಡರು. ಎಲ್ಲಿಂದ ತಂದಿರೆಂದು ಕೇಳಿದರೆ ಜಗಳ, ಅವನು ಕೇಳಲಿಲ್ಲ.

ನಾಲ್ಕೂವರೆಗೆ ತನ್ನ ಮನೆ ತಲುಪಿದವನಿಗೆ ಹೊಸಿಲಿನಿಂದಲೇ ಸಮುದ್ರ ಪೂರ್ತಿ ಕಂಡಿತು. ಒಂದು ಗಿಡವೂ ಇರಲಿಲ್ಲ. ಅವನು ಹೆಂಡತಿಯನ್ನು ಕೂಗಿ ಕರೆದ.

"ಯಾರೇ ಕಡಿದದ್ದು?"

"ಎಲ್ಲಾ ಬಂದು ಕೇಳಿದ್ರು. ಪಾಪ, ಮನೆ ಬಿಡ್ಬೇಕಂತಲ್ಲ. ನಾನೇ ಕೊಡಲಿ ಕೊಟ್ಟೆ," ಎಂದಳು ಹೆಂಡತಿ.

ಅವನು ಮೇಷ್ಟರ ಮನೆಗೆ ಓಡಿದ. "ನಾಲ್ಕು ಕೊಂಬೆ ವಾಪಸ್ ಕೊಡಿ ಮೇಷ್ಟ್ರೇ."

"ಸರ್ಕಾರಿ ನಕ್ಷೆಗೆ ಸೇರಿದ ಕಾಡಪ್ಪಾ ಅದು. ಕಿತ್ರೆ ಕೇಸಾಗುತ್ತೆ," ಎಂದು ಮೇಷ್ಟರು ಬಾಗಿಲು ಹಾಕಿಕೊಂಡರು.

ಐದಕ್ಕೆ ಎರಡು ನಿಮಿಷ ಇರುವಾಗ ಅವನು ಅಳುಮೋರೆಯಲ್ಲಿ ತನ್ನ ಮನೆಯೆದುರಿನ ಮರಳಿನ ಫೋಟೊ ತೆಗೆದು, ಕೆಂಪು ಒತ್ತಿ ಕಳಿಸಿದ.

"ನಿಮ್ಮಮ್ಮನಿಗೆ ಹೇಗೆ ಹೇಳೋದೇ ಇದನ್ನ?"

"ಹೇಳಿಯಾಯ್ತು," ಎಂದಳು ಹೆಂಡತಿ, ಕಟ್ಟಿಟ್ಟಿದ್ದ ಎರಡು ಪೆಟ್ಟಿಗೆಗಳನ್ನು ಹೊರಗೆ ತರುತ್ತ. "ಮೂರು ತಿಂಗಳು ಬರ್ತೀವಿ ಅಂತ ಬೆಳಿಗ್ಗೆನೇ ಫೋನ್ ಮಾಡಿದ್ದೆ. ಬಾವಿ ಹೂಳು ತೆಗೆಯೋದಿದೆಯಂತೆ, ನಿಮ್ಮನ್ನೇ ಕಾಯ್ತಿದಾರೆ."