ಒರಾಂಡ ರಾಣಿಯ ಕಥೆ ಹೇಳಿ ಕೆಟ್ಟೆ

ಒಂದಿಡೀ ವರ್ಷ ಹೊಸಪೇಟೆಯಲ್ಲಿ ಕೂತು ಫೋನಿನಲ್ಲಿ ಜಪಾನೀ ಭಾಷೆ ಕಲಿತೆ. ಒಗ್ಗರಣೆ ಹಾಕುತ್ತಾ ಕಲಿತೆ, ಹಂಪಿ ಬಸ್ಸಿನಲ್ಲಿ ಜೋತಾಡುತ್ತಾ ಕಲಿತೆ. ನಮ್ಮ ಗೈಡುಗಳ ಪೈಕಿ ಆ ಭಾಷೆ ಆಡುವವಳು ನಾನೊಬ್ಬಳೇ! ಈಗ ಬರುತ್ತಿರುವ ಮೊದಲ ಜಪಾನೀ ತಂಡ ಮೆಚ್ಚಿದರೆ ಮುಂದೆ ಬರುವ ತಂಡಗಳೆಲ್ಲ ನಿಮಗೇ ಎಂದು ಟೂರ್ ಕಂಪನಿಯ ಮ್ಯಾನೇಜರ್ ಹೇಳಿದ್ದರು. ಮೆಚ್ಚದಿರಲು ಅವರಿಗೇನು ಧಾಡಿ?

ನಮ್ಮ ಕಸುಬಿನಲ್ಲಿ ಗೈಡ್ ಆದವರು 'ಗೊತ್ತಿಲ್ಲ' ಎನ್ನಬಾರದು. ಯಾವ ಕಟ್ಟಡದ ಸಂಗತಿ ತಿಳಿಯದೋ ಅದಕ್ಕೊಬ್ಬ ರಾಣಿಯನ್ನು ಸೇರಿಸಿದರಾಯಿತು. ಹಂಪಿಯಲ್ಲಿ ರಾಣಿಯರಿಗೇನು ಬರವೇ?

ತಂಡ ಬಂದ ದಿನ ಬೆಳಿಗ್ಗೆ ಎಲ್ಲ ಸುಸೂತ್ರ. ಬಜಾರಿನ ಕಲ್ಲುಕಂಬಗಳ ಮುಂದೆ ನಿಂತು, "ಪೋರ್ಚುಗೀಸರು ಇಲ್ಲಿಗೆ ಕುದುರೆ ಮಾರಲು ಬರುತ್ತಿದ್ದರು" ಎಂದು ದಿನದ ಪಾಠ ಒಪ್ಪಿಸಿದೆ. ಆಮೇಲೆ ಕಮಲ ಮಹಲಿಗೆ ಹೋದೆವು. ಅಲ್ಲಿ ನೆದರ್‌ಲ್ಯಾಂಡ್ಸ್‌ನ ಗಂಡ ಹೆಂಡತಿ ಫೋಟೊ ತೆಗೆಯುತ್ತಿದ್ದರು. ನಮ್ಮ ತಂಡದ ಅಜ್ಜಿಯೊಬ್ಬರು ಅವರನ್ನು ಮಾತಾಡಿಸಿ ಬಂದು ಕೇಳಿದರು: "ಅವರ ದೇಶವನ್ನು ಜಪಾನಿನಲ್ಲಿ ನಾವು ಒರಾಂಡ ಎನ್ನುತ್ತೇವೆ. ಅವರು ಹಾಗೆ ಅನ್ನುವುದಿಲ್ಲವಂತೆ. ಯಾಕೆ, ಗೊತ್ತೇ?"

ಗೊತ್ತಿರಲಿಲ್ಲ. ಹಾಗನ್ನುವಂತಿಲ್ಲವಲ್ಲ!

"ಒರಾಂಡ ಎಂಬ ರಾಣಿ ಇದ್ದಳು" ಎಂದು ಶುರುಮಾಡಿದೆ. ಆಕೆಯನ್ನು ಜಪಾನಿನ ರಾಜಕುಮಾರ ಪ್ರೀತಿಸಿದ. ಆಕೆ ಬರುತ್ತಿದ್ದ ಹಡಗು ಮುಳುಗಿತು. ರಾಜಕುಮಾರ ಗೋಳೋ ಎಂದು ಅತ್ತು ಅವಳ ಇಡೀ ದೇಶಕ್ಕೆ ಅವಳದೇ ಹೆಸರಿಟ್ಟ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣೇ ಒದ್ದೆಯಾಯಿತು!

ಯಾರೂ ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕು ಜಾರಿಕೊಳ್ಳುತ್ತಿದ್ದೆ. ಅಜ್ಜಿ ತಲೆಬಾಗಿ, "ಬಹಳ ಚೆಂದದ ಕಥೆ. ನಾನು ಇತಿಹಾಸದ ಟೀಚರ್ ಆಗಿದ್ದೆ, ಓದಿದ್ದು ಬೇರೆ. ಯುರೋಪಿನಿಂದ ನಮ್ಮಲ್ಲಿಗೆ ಮೊದಲು ಬಂದವರು ಪೋರ್ಚುಗೀಸರು. ಹಾಲೆಂಡಿಗೆ ಅವರು ಒಲಾಂಡ ಎನ್ನುತ್ತಿದ್ದರು. ನಾವು ಅದನ್ನೇ ಹಿಡಿದುಕೊಂಡೆವು, ನಮ್ಮ ಬಾಯಲ್ಲಿ ಅದು ಒರಾಂಡ ಆಯಿತು. ಇಂಗ್ಲೆಂಡಿಗೆ ಇಗಿರಿಸು ಎನ್ನುವುದೂ ಅವರಿಂದಲೇ. ಬೆಳಿಗ್ಗೆ ಹೇಳಿದಿರಲ್ಲ ಕುದುರೆ ಮಾರುವವರು, ಅವರೇ!" ಎಂದರು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ದಿನಾ ನನ್ನ ಬಾಯಲ್ಲೇ ಕುದುರೆ ಮಾರಿಕೊಂಡಿದ್ದವರು, ಬೇಕಾದಾಗ ಒಬ್ಬನಾದರೂ ನೆನಪಿಗೆ ಬಂದನೇ! ರಾಣಿಯರ ಸ್ನಾನಗೃಹದ ಮುಂದೆ ಅಜ್ಜಿ ಮತ್ತೆ ವಿನಯದಿಂದ ಕೇಳಿದರು: "ಈ ರಾಣಿಯರಾದರೂ ಇದ್ದರೇ?"

ಮನೆಗೆ ಬಂದು ಗಂಡನಿಗೆ ಹೇಳಿಕೊಂಡೆ. ಅವರು ತುಂಗಭದ್ರಾ ಡ್ಯಾಂನ ಕಾಲುವೆ ಆಫೀಸಿನಲ್ಲಿದ್ದಾರೆ.

"ಗೊತ್ತಿಲ್ರಿ ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತಲೇ?"

"ಸುಮ್ನಿರ್ರಿ! ನೀರು ಯಾವಾಗ ಬಿಡ್ತೀರಿ ಅಂತ ಜನ ಕೇಳಿದ್ರ ನೀವು ಗೊತ್ತಿಲ್ಲ ಅಂತೀರೇನು?"

"ದಿನಾ ಅದನ್ನ ಅಂತೀನಿ. ಅದಕ್ಕ ನೌಕರಿ ಉಳದೈತಿ!"

ಮರುದಿನ ಮ್ಯಾನೇಜರ್ ಫೋನು. "ಮೇಡಂ, ನಿಮ್ಮ ಕಥಿ ಭಾಳ ಮಸ್ತ್ ಅಂತ ತಂಡದವರು ಬರದಾರ್ರಿ!"

ನಾನು ಕುಣಿದಾಡುವುದೊಂದು ಬಾಕಿ.

"ಜಪಾನಿನವರಿಗೆ ಬೆಂಗಳೂರಿಂದ ಬ್ಯಾರೆ ಗೈಡ್ ಕರಸ್ತೀವ್ರಿ. ನೀವು ಶನಿವಾರ ರೆಸಾರ್ಟ್‌ನಾಗ ಸಣ್ಣ ಹುಡುಗರಿಗೆ ಕಥಿ ಹೇಳ್ರಿ."

ಒಂದು ವರ್ಷದ ಓದು, ನಿದ್ದೆ, ಕಣ್ಣು ಎಲ್ಲ ಹೊಳೆಯ ಪಾಲು! ಆದರೂ ಶನಿವಾರ ಸೀರೆ ಉಟ್ಟು ಹೋದೆ. "ಒಬ್ಬಳು ರಾಣಿ..." ಎನ್ನುವಷ್ಟರಲ್ಲಿ ಮಕ್ಕಳೆಲ್ಲ ಎದ್ದು ಈಜುಕೊಳಕ್ಕೆ ಓಡಿದವು. ಒಂದು ಮಾತ್ರ ಕದಲದೆ ಕುಳಿತಿತ್ತು. ಸದ್ಯ, ಒಬ್ಬರಾದರೂ ಸಿಕ್ಕರು ಎಂದು ಕಥೆಯನ್ನು ಪೂರ್ತಿ ಹೇಳಿ ಮುಗಿಸಿದೆ.

ಆಮೇಲೆ ಅದರ ತಾಯಿ ಬಂದು, ನಿದ್ದೆ ಕೆಡದಂತೆ ಮೆಲ್ಲಗೆ ಎತ್ತಿಕೊಂಡು ಹೋದರು.