ತಂಪಣ್ಣನ ಮನೆಯ ದೊರೆ ಉಪವಾಸ ಕೂತದ್ದು

"ಕೆಟ್ಟು ನಿಂತದ್ದು ಏನೇ ಇರಲಿ, ನನ್ನ ಕೈ ಸೋಕಿದ್ರೆ ಓಡಲೇಬೇಕು!"

ಇದು ತಂಪಣ್ಣನ ಘೋಷಣೆ. ಇಪ್ಪತ್ತೆರಡು ವರ್ಷದಿಂದ ಫ್ರಿಜ್ ರಿಪೇರಿ ಮಾಡುತ್ತಿದ್ದ ಅವನಿಗೆ ಬೀದಿಯವರು ಇಟ್ಟ ಹೆಸರು 'ತಂಪಣ್ಣ'. ಹೆಸರಿಗಷ್ಟೇ ತಂಪು, ತಲೆ ಮಾತ್ರ ಸದಾ ಕಾದ ಕಾವಲಿ! ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಒಳಗಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಅದು ಮಾತನ್ನು ತಡೆದ ದಾಖಲೆಯಿಲ್ಲ.

ಈ ಸಲ ಘೋಷಣೆ ಮೊಳಗಿದ್ದು ಮಗಳ ಮುಂದೆ. ಅವಳು ಶಾಲೆಯ ಆಟದ ಶಿಬಿರಕ್ಕೆ ಆರು ದಿನ ಹೊರಟಿದ್ದಳು. ಅವಳ ಜೀವವೆಲ್ಲ ಗಾಜಿನ ತೊಟ್ಟಿಯಲ್ಲಿದ್ದ ಆಕ್ಸೊಲಾಟಲ್ ಮೇಲೆ. ನೀರಲ್ಲಿದ್ದರೂ ಮೀನಲ್ಲ, ನಾಲ್ಕು ಕಾಲಿದ್ದರೂ ಹಲ್ಲಿಯಲ್ಲ, ಕಪ್ಪೆಗೆ ದೂರದ ನೆಂಟ! ಗೇಣುದ್ದದ ನಸುಗುಲಾಬಿ ಮೈ, ಕತ್ತಿನ ಎರಡೂ ಕಡೆ ಪುಕ್ಕದಂಥ ಕಿವಿರು, ಬಾಯಲ್ಲಿ ಸದಾ ನಗು. ಆ ಪುಕ್ಕಗಳನ್ನು ಕಿರೀಟವೆಂದು ತಿಳಿದು ಮಗಳು ಅದಕ್ಕೆ 'ದೊರೆ' ಎಂದು ಹೆಸರಿಟ್ಟಿದ್ದಳು.

"ಅಪ್ಪ, ದಿನಾ ಒಂದೆರಡು ಎರೆಹುಳ ಹಾಕು, ಸಾಕು. ಬೇರೇನೂ ಮಾಡ್ಬೇಡ."

"ಆಳೆತ್ತರದ ಡಬಲ್ ಡೋರ್ ಫ್ರಿಜ್ಜನ್ನೇ ಪಳಗಿಸಿದವನು ನಾನು! ಈ ಗೇಣುದ್ದದ್ದು ಯಾವ ಲೆಕ್ಕ? ನೀನು ವಾಪಸ್ ಬರೋ ಹೊತ್ತಿಗೆ ನಿನ್ನ ದೊರೆ ಚಕ್ರವರ್ತಿ ಆಗಿರ್ತಾನೆ!"

'ಬೇರೇನೂ ಮಾಡ್ಬೇಡ' ಎಂಬ ಮಾತು ತಂಪಣ್ಣನ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಬಿತ್ತು. ಮಗಳ ಬಸ್ಸು ತಿರುವು ದಾಟುವಷ್ಟರಲ್ಲೇ ಅವನು ಅವಳ ಕೋಣೆಗೆ ನುಗ್ಗಿದ್ದ.

"ಪಾಪ! ಬೀರುವಿನ ಹಿಂದೆ ಕತ್ತಲಲ್ಲಿ ಕೂರಿಸಿದಾಳೆ. ದೊರೆ ಅಂದ್ಮೇಲೆ ದರ್ಬಾರು ಬೇಡ್ವಾ?"

ದೊರೆಯ ಸವಾರಿ ಮುಂದಿನ ಕೋಣೆಗೆ ಬಂತು. ಕೆಲಸದ ಮೇಜಿನ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ರಿಪೇರಿಯಾಗಿ ಹಗಲಿರುಳು ಪರೀಕ್ಷೆಗೆ ಓಡುತ್ತಿದ್ದ ಒಂದು ಡಬಲ್ ಡೋರಿನ ಬೆನ್ನಿಗೆ ಒತ್ತಿಕೊಂಡು ತೊಟ್ಟಿ ಪ್ರತಿಷ್ಠಾಪನೆಯಾಯಿತು.

ಮಂಗಳವಾರ ದೊರೆ ಊಟ ಬಿಟ್ಟ.

ಎರೆಹುಳ ಮೂಗಿನ ಮುಂದೆಯೇ ಕುಣಿಯಿತು. ದೊರೆ ನಗುತ್ತಲೇ ಮುಖ ತಿರುಗಿಸಿದ. ತಂಪಣ್ಣ ಉದ್ದದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಗಾಜಿಗೂ ಹಿಡಿಯನ್ನು ಕಿವಿಗೂ ಒತ್ತಿದ. ಕಂಪ್ರೆಸರಿನ ಕಾಯಿಲೆಯನ್ನು ಅವನು ಹಿಡಿಯುತ್ತಿದ್ದುದು ಹೀಗೆಯೇ.

"ಏನ್ ಹೇಳ್ತಾನೆ?" ಪರದೆಯಾಚೆಯಿಂದ ಹೆಂಡತಿಯ ಪ್ರಶ್ನೆ ಬಂತು.

"ಒಳಗೆ ಗ್ಯಾಸ್ ಇದ್ದ ಹಾಗಿದೆ."

"ರೀ, ಸುಮ್ನೆ ಮೊದಲಿದ್ದ ಜಾಗದಲ್ಲೇ ಇಡಿ. ಅಲ್ಲಿ ಚೆನ್ನಾಗಿ ತಿಂತಿತ್ತು."

"ನೀನು ಬಟ್ಟೆ ಹೊಲಿ. ಇದು ಟೆಕ್ನಿಕಲ್ ವಿಷಯ!"

ಬುಧವಾರ ಹುಳವನ್ನು ಕತ್ತರಿಸಿ ಕೊಟ್ಟ, ತೊಳೆದು ಕೊಟ್ಟ, ದಾರಕ್ಕೆ ಕಟ್ಟಿ ತೂಗಿದ. ಕೊನೆಗೆ ತಾನೇ ಬಾಯಿ ಅಗಲಿಸಿ 'ಆಮ್' ಎಂದು ತಿಂದು ತೋರಿಸಿದ, ಹುಳವಿಲ್ಲದೆ! ದೊರೆ ಜಪ್ಪಯ್ಯ ಅನ್ನಲಿಲ್ಲ. ಸಂಜೆ ಮಗಳ ಫೋನು.

"ಅಪ್ಪ, ದೊರೆ ತಿಂದನಾ?"

"ತಿಂದನಾ ಅಂತ ಕೇಳ್ತೀಯಾ! ಹುಳ ಸಾಲ್ದೆ ತೋಟ ಅಗೀತಾ ಇದೀನಿ!"

ಆ ರಾತ್ರಿ ತಂಪಣ್ಣನೂ ಊಟ ಬಿಟ್ಟ. ಶನಿವಾರ ಮಗಳು ಓಡಿ ಬಂದಾಗ ತೊಟ್ಟಿ ಖಾಲಿಯಾಗಿದ್ದರೆ? ಅವಳಿಗೆ ಏನೆಂದು ಹೇಳುವುದು? ನಿಜಕ್ಕೂ ಹೆದರಿದ.

ಗುರುವಾರ ಬೆಳಿಗ್ಗೆ ಡಬಲ್ ಡೋರನ್ನು ಅದರ ಯಜಮಾನರ ಮನೆಗೆ ಮುಟ್ಟಿಸಿ, ಹಾಗೆಯೇ ಬಣ್ಣದ ಮೀನಿನ ಅಂಗಡಿಗೆ ಹೋದ. ಅಂಗಡಿಯಾತ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ.

"ನೀರು ಎಷ್ಟು ಡಿಗ್ರಿ ಇದೆ?"

ಇಪ್ಪತ್ತೆರಡು ವರ್ಷ ಕಂಡಕಂಡವರನ್ನೆಲ್ಲ ಡಿಗ್ರಿ ಕೇಳಿದವನು ಈ ನೀರನ್ನು ಮಾತ್ರ ಅಳೆದೇ ಇರಲಿಲ್ಲ!

"ಹದಿನೆಂಟರ ಆಸುಪಾಸು ಇರ್ಬೇಕು. ಬಿಸಿ ಆದ್ರೆ ಅದು ಊಟ ಬಿಡುತ್ತೆ. ಮುಚ್ಚಳದ ಡಬ್ಬಿಗೆ ನೀರು ಹಾಕಿ ಅದರಲ್ಲಿ ಬಿಟ್ಟು, ಫ್ರಿಜ್ಜಿನ ಕೆಳಗಿನ ತಟ್ಟೇಲಿ ಎರಡು ದಿನ ಇಡಿ. ದಿನಾ ನೀರು ಬದಲಿಸಿ. ಒಮ್ಮೆಲೇ ತಣ್ಣಗೆ ಮಾಡ್ಬೇಡಿ, ಮೆಲ್ಲಗೆ ಆಗ್ಲಿ. ಆಮೇಲೆ, ಫ್ರೀಜರ್‌ನಲ್ಲಿ ಅಲ್ಲ!"

ಮನೆಗೆ ಬಂದು ಅಳೆದರೆ ಇಪ್ಪತ್ತೊಂಬತ್ತು! ಒಳಗಿನ ಬಿಸಿಯನ್ನೆಲ್ಲ ಫ್ರಿಜ್ಜು ಬೆನ್ನಿನಿಂದ ಹೊರಗೆ ದಬ್ಬುತ್ತದೆಂದು ಊರಿಗೆಲ್ಲ ಪಾಠ ಹೇಳುವವನು ಅದೇ ಬೆನ್ನಿಗೆ ತೊಟ್ಟಿಯನ್ನು ಒತ್ತಿ ಇಟ್ಟಿದ್ದ.

"ದೊರೇನ ಒಲೆ ಪಕ್ಕ ಕೂರಿಸಿ, ಯಾಕಪ್ಪ ಉಣ್ತಿಲ್ಲ ಅಂತ ಕೇಳ್ತಿದ್ರಲ್ಲ!" ಹೆಂಡತಿ ಪರದೆ ಸರಿಸಿ ಈಚೆಗೇ ಬಂದಳು.

ತಂಪಣ್ಣ ಒಂದು ಗಳಿಗೆ ಕುಗ್ಗಿದ. ಮರುಗಳಿಗೆಯೇ ಎದೆ ಉಬ್ಬಿತು. "ತಂಪು ತಾನೇ ಬೇಕಾಗಿರೋದು? ತಂಪಣ್ಣನ ಮನೇಲಿ ತಂಪಿಗೆ ಬರವೇ!"

ಕೈ ಬೀಸಿ ಸುತ್ತ ನೋಡಿದ. ಹತ್ತು ಫ್ರಿಜ್ಜು! ಒಂದಕ್ಕೆ ಬಾಗಿಲಿಲ್ಲ, ಒಂದಕ್ಕೆ ಗ್ಯಾಸಿಲ್ಲ, ಮೂರಕ್ಕೆ ಕಂಪ್ರೆಸರೇ ಇಲ್ಲ, ಉಳಿದವು ಇನ್ನೂ ಬಿಚ್ಚದ ರೋಗಿಗಳು. ಓಡುತ್ತಿದ್ದ ಒಂದೇ ಒಂದನ್ನು ಬೆಳಿಗ್ಗೆ ತಾನೇ ಸಾಗಿಸಿ ಬಂದಿದ್ದ.

"ಮನೇದು ಇದೆಯಲ್ಲ!" ಎಂದು ದೊರೆಯನ್ನು ಡಬ್ಬಿಗೆ ಇಳಿಸಿಕೊಂಡು ಅಡುಗೆಮನೆಗೆ ಓಡಿ ಫ್ರಿಜ್ಜಿನ ಬಾಗಿಲು ತೆಗೆದ. ಒಳಗೆ ಬಣ್ಣಬಣ್ಣದ ದಾರದ ಉಂಡೆಗಳು, ಗುಂಡಿಗಳ ಡಬ್ಬಿ, ಲೈನಿಂಗ್ ಬಟ್ಟೆ.

"ಇದ್ಯಾಕೆ ಹೀಗಿದೆ?"

"ಕೆಟ್ಟು ಮೂರು ತಿಂಗಳಾಯ್ತು. ದಿನಾ ಹೇಳಿದೆ. ದಿನಾ 'ನಾಳೆ' ಅಂದ್ರಿ. ಕಪಾಟಿಗಾದ್ರೂ ಆಗುತ್ತೆ ಅಂತ ಇಟ್ಕೊಂಡೆ."

ದೀಪದ ಬುಡದಲ್ಲಿ ಕತ್ತಲು! ತಂಪಣ್ಣ ದಾರದ ಉಂಡೆಗಳನ್ನು ಬುಟ್ಟಿಗೆ ಸುರಿದ, ಫ್ರಿಜ್ಜನ್ನು ಗೋಡೆಯಿಂದ ಎಳೆದ, ನೆಲದ ಮೇಲೆ ಮಲಗಿ ಕೈ ಹಾಕಿದ. ಕಂಪ್ರೆಸರಿಗೆ ಚಾಲನೆ ಕೊಡುವ ರಿಲೇ ಸುಟ್ಟುಹೋಗಿತ್ತು, ಅಷ್ಟೇ. ಹೆಂಡತಿ ಒಂದು ತೋಳು ಹೊಲಿದು ಮುಗಿಸುವ ಮೊದಲೇ ಫ್ರಿಜ್ಜು ಗುಂಯ್‌ಗುಟ್ಟಿತು! ಮೂರು ತಿಂಗಳು ಬೆಚ್ಚಗಿದ್ದ ಫ್ರಿಜ್ಜು ಒಳಗಿಟ್ಟ ದೊರೆಯ ಜೊತೆಗೇ ಮೆಲ್ಲಗೆ ತಣ್ಣಗಾಗುತ್ತ ಹೋಯಿತು. ಅದೂ ತನ್ನ ಲೆಕ್ಕಾಚಾರವೇ ಎಂದು ತಂಪಣ್ಣ ಆಮೇಲೆ ಹೇಳಿಕೊಂಡ.

ಶನಿವಾರ ಬೆಳಿಗ್ಗೆ ತಂಪಣ್ಣ ಚಿಮುಟದಲ್ಲಿ ಹುಳ ಹಿಡಿದು ದೊರೆಯ ಮುಂದೆ ಇಳಿಬಿಟ್ಟ. ದೊರೆ ನೋಡಿದ. ಯೋಚಿಸಿದ. ಗುಳುಂ!

"ತಿಂದ! ತಿಂದ ಕಣೇ!"

ಆ ಕೂಗಿಗೆ ಪಕ್ಕದ ಕ್ಷೌರದಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡಿದ್ದವರೊಬ್ಬರು ನೊರೆಸಮೇತ ಓಡಿಬಂದರು. ಅವರಿಗೂ ತಂಪಣ್ಣ ಇಡೀ ಕಥೆ ಹೇಳಿದ, ಫ್ರಿಜ್ಜಿನ ಬೆನ್ನಿನ ಭಾಗ ಬಿಟ್ಟು!

ಹೆಂಡತಿ ಅಷ್ಟರಲ್ಲಿ ತೊಟ್ಟಿಯನ್ನು ತೊಳೆದು, ತಣ್ಣನೆ ನೀರು ತುಂಬಿ, ಬೀರುವಿನ ಹಿಂದೆ ಇಟ್ಟು, ದೊರೆಯನ್ನು ಅದರಲ್ಲಿ ಬಿಟ್ಟಿದ್ದಳು. ಸಂಜೆ ಮಗಳು ಬಂದವಳೇ ಅಲ್ಲಿಗೆ ಓಡಿದಳು. ದೊರೆ ಅವಳ ಕೈಯಿಂದ ಇನ್ನೊಂದು ಹುಳ ನುಂಗಿದ.

"ಅಪ್ಪ! ನೀನು ಏನೂ ಮಾಡ್ಲಿಲ್ಲ ಅಲ್ವಾ? ಜಾಣ!"

ತಂಪಣ್ಣ ಆ ಬಿರುದನ್ನು ಬೇಡವೆನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಅವನ ಎದೆ ಇಳಿದಿರಲಿಲ್ಲ. "ಜೀವ ಇರೋದನ್ನೂ ರಿಪೇರಿ ಮಾಡ್ಬಿಟ್ಟೆ ನೋಡೇ!" ಎನ್ನುತ್ತ ತಿರುಗಿದರೆ, ಹೆಂಡತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತಿದ್ದಳು.

"ಯಾಕೋ ನಂಗೂ ಊಟ ಸೇರ್ತಿಲ್ಲ."

"ಅಯ್ಯೋ! ಏನಾಯ್ತೇ? ಡಾಕ್ಟರ್ ಹತ್ರ ಹೋಗೋಣ್ವಾ?"

"ಡಾಕ್ಟರ್ ಬೇಡ. ಎಂಟು ತಿಂಗಳಿಂದ ಬಚ್ಚಲಲ್ಲಿ ವಾಷಿಂಗ್ ಮೆಷಿನ್ ಕೆಟ್ಟು ಬಿದ್ದಿದೆಯಲ್ಲ, ಅದು ತಿರುಗೋ ಸದ್ದು ಕೇಳಿದ್ರೆ ಹಸಿವು ಆಗ್ಬಹುದೇನೋ."

ತಂಪಣ್ಣ ಕೈ ತೊಳೆದುಕೊಂಡು ಸ್ಕ್ರೂಡ್ರೈವರ್ ಹುಡುಕಲು ಎದ್ದ.